ಹೋಂಸ್ಟೇ, ಕಾಫಿ ಪುಡಿ ಮತ್ತು ಸಣ್ಣ ವ್ಯಾಪಾರಗಳ ವೆಬ್‌ಸೈಟ್: ಪದೇ ಪದೇ ಕೇಳುವ ಪ್ರಶ್ನೆಗಳು

ಚಿಕ್ಕಮಗಳೂರು ಮತ್ತು ಹಾಸನ ಜಿಲ್ಲೆಗಳಲ್ಲಿ ಹೋಂಸ್ಟೇ ನಡೆಸುವವರು, ತೋಟದ ಕಾಫಿಯನ್ನು ತಾವೇ ಹುರಿದು ಮಾರುವವರು, ಜೀಪು ಮತ್ತು ಟ್ಯಾಕ್ಸಿ ಇಟ್ಟುಕೊಂಡವರು, ಕಲ್ಯಾಣ ಮಂಟಪ ಬಾಡಿಗೆಗೆ ಕೊಡುವವರು ವೆಬ್‌ಸೈಟ್ ಮಾಡಿಸುವ ಮೊದಲೂ ಮಾಡಿಸಿದ ಮೇಲೂ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇವೆ. ಉತ್ತರಗಳು ಒಂದೇ ಅಳತೆಯಲ್ಲಿಲ್ಲ. ಹಣ ಮತ್ತು ಶ್ರಮ ಹೆಚ್ಚು ಪೋಲಾಗುವ ಕಡೆ ಹೆಚ್ಚು ಬರೆದಿದ್ದೇವೆ.

ಇನ್‌ಸ್ಟಾಗ್ರಾಂನಲ್ಲಿ ಪುಟವಿದೆ, ಬುಕಿಂಗ್ ತಾಣಗಳಲ್ಲೂ ನಮ್ಮ ಹೆಸರಿದೆ. ಸ್ವಂತ ವೆಬ್‌ಸೈಟ್ ಬೇಕೇ?

ಎಲ್ಲರಿಗೂ ಬೇಕೆಂದು ನಾವು ಹೇಳುವುದಿಲ್ಲ. ಎರಡು ಕೋಣೆಯ ಹೋಂಸ್ಟೇ ಹಳೆಯ ಅತಿಥಿಗಳು ಮತ್ತು ಅವರ ಪರಿಚಯಸ್ಥರಿಂದಲೇ ತುಂಬುತ್ತಿದ್ದರೆ, ಗೂಗಲ್ ನಕ್ಷೆಯಲ್ಲಿ ಸರಿಯಾದ ವಿವರ ಹಾಕಿ ಸುಮ್ಮನಿರಬಹುದು. ಆದರೆ ಬುಕಿಂಗ್ ತಾಣ ಪ್ರತಿ ಕಾಯ್ದಿರಿಸುವಿಕೆಗೂ ಕಮಿಷನ್ ಹಿಡಿಯುತ್ತದೆ, ಅತಿಥಿಯ ಫೋನ್ ನಂಬರ್ ಮತ್ತು ಇಮೇಲ್ ಬಹುಮಟ್ಟಿಗೆ ಅದರ ಬಳಿಯೇ ಉಳಿಯುತ್ತವೆ, ನಿಮ್ಮ ಪುಟದ ಕೆಳಗೇ ಪಕ್ಕದ ತೋಟದವರ ದರವನ್ನೂ ತೋರಿಸುತ್ತದೆ. ಇನ್‌ಸ್ಟಾಗ್ರಾಂನಲ್ಲಿ ಹಾಕಿದ್ದು ಕೆಲವು ದಿನಗಳಲ್ಲಿ ಕೆಳಕ್ಕೆ ಜಾರಿಹೋಗುತ್ತದೆ. ಆರು ತಿಂಗಳ ಹಿಂದೆ ನೀವು ವಿವರವಾಗಿ ಬರೆದ ದಾರಿಯ ಮಾಹಿತಿಯನ್ನು ಅಲ್ಲಿ ಯಾರೂ ಹುಡುಕಿ ತೆಗೆಯುವುದಿಲ್ಲ. ಸ್ವಂತ ವೆಬ್‌ಸೈಟಿನ ಪುಟ ಬರೆದ ಜಾಗದಲ್ಲೇ ಇರುತ್ತದೆ, ತಿದ್ದುವ ಅಧಿಕಾರವೂ ನಿಮ್ಮದೇ. ಹೀಗೆಂದು ಬುಕಿಂಗ್ ತಾಣಗಳನ್ನು ಬಿಡಬೇಕಾಗಿಲ್ಲ. ಹೊಸಬರಿಗೆ ನಿಮ್ಮ ಹೆಸರು ಗೊತ್ತಾಗುವುದೇ ಅಲ್ಲಿಂದ; ಗೊತ್ತಾದ ಮೇಲೆ ಅವರಲ್ಲಿ ಹಲವರು ಆ ಹೆಸರನ್ನು ಗೂಗಲ್‌ನಲ್ಲಿ ಹುಡುಕುತ್ತಾರೆ. ಆ ಹುಡುಕಾಟಕ್ಕೆ ಸಿಗುವ ಉತ್ತರ ನಿಮ್ಮದಾಗಿರಬೇಕು.

ಕಂಟೆಂಟ್ ಸ್ಟ್ರಾಟಜಿ ಎಂಬ ಮಾತನ್ನು ಎಲ್ಲರೂ ಹೇಳುತ್ತಾರೆ. ಅದು ನಿಜವಾಗಿ ಏನು?

ಯಾರಿಗಾಗಿ, ಯಾವ ಪ್ರಶ್ನೆಗೆ ಉತ್ತರವಾಗಿ, ಯಾವ ಪುಟವನ್ನು ಬರೆಯಬೇಕು, ಅದನ್ನು ಯಾರು ಬರೆಯಬೇಕು, ಯಾವಾಗ ತಿದ್ದಬೇಕು, ಯಾವುದನ್ನು ತೆಗೆದುಹಾಕಬೇಕು ಎಂಬುದನ್ನು ಮೊದಲೇ ತೀರ್ಮಾನಿಸುವುದು. ಸಣ್ಣ ವ್ಯಾಪಾರಕ್ಕೆ ಇದು ಒಂದು ಹಾಳೆಯಲ್ಲಿ ಮುಗಿಯುವ ಕೆಲಸ. ನಲವತ್ತು ಸ್ಲೈಡುಗಳ ದಾಖಲೆ ತೋರಿಸಿ ಹಣ ಕೇಳುವವರಿಂದ ದೂರವಿರುವುದು ಒಳ್ಳೆಯದು.

ಏನು ಬರೆಯಬೇಕೆಂದೇ ತೋಚುವುದಿಲ್ಲ. ವಿಷಯ ಎಲ್ಲಿಂದ ತರಬೇಕು?

ನಿಮ್ಮ ಫೋನಿನಿಂದ. ಇದನ್ನು ನಾವು ಪ್ರತಿಯೊಬ್ಬರಿಗೂ ಹೇಳುತ್ತೇವೆ, ಏಕೆಂದರೆ ಇಷ್ಟು ಫಲ ಕೊಡುವ ಬೇರೆ ಉಪಾಯ ನಮಗೆ ಕಂಡಿಲ್ಲ. ಬುಕಿಂಗಿಗಾಗಿ ಕರೆ ಮಾಡುವವರು ಮತ್ತು ವಾಟ್ಸ್ಆ್ಯಪ್‌ನಲ್ಲಿ ವಿಚಾರಿಸುವವರು ಕೇಳುವ ಪ್ರಶ್ನೆಗಳನ್ನು ಒಂದು ತಿಂಗಳ ಕಾಲ ಅವರದೇ ಮಾತುಗಳಲ್ಲಿ ಒಂದು ನೋಟ್ ಪುಸ್ತಕದಲ್ಲಿ ಬರೆದಿಡಿ. ಫೋನ್ ಎತ್ತುವವರು ತೋಟದ ಲೆಕ್ಕ ನೋಡಿಕೊಳ್ಳುವ ರೈಟರ್ ಆಗಿದ್ದರೆ ಪುಸ್ತಕ ಅವರ ಬಳಿಯೇ ಇರಲಿ.

ಮೂಡಿಗೆರೆ ಅಥವಾ ಸಕಲೇಶಪುರದ ಕಡೆಯ ಒಂದು ಹೋಂಸ್ಟೇಗೆ ಬರುವ ಪ್ರಶ್ನೆಗಳು ಹೆಚ್ಚುಕಡಿಮೆ ಹೀಗಿರುತ್ತವೆ: ಕೊನೆಯ ಎರಡು ಕಿಲೋಮೀಟರಿಗೆ ಸಣ್ಣ ಕಾರು ಬರುತ್ತದೆಯೇ, ಜೀಪು ಬೇಕೇ? ಯಾವ ಸಿಮ್‌ಗೆ ನೆಟ್‌ವರ್ಕ್ ಸಿಗುತ್ತದೆ? ಕರೆಂಟ್ ಹೋದರೆ ಬಿಸಿನೀರು ಸಿಗುತ್ತದೆಯೇ? ಜುಲೈನಲ್ಲಿ ಬಂದರೆ ಜಿಗಣೆ ಕಾಟ ಎಷ್ಟು? ಮೊಣಕಾಲು ನೋವಿರುವ ಅಜ್ಜಿ ಕೋಣೆಗೆ ಹೋಗಲು ಎಷ್ಟು ಮೆಟ್ಟಿಲು ಹತ್ತಬೇಕು? ರಾತ್ರಿ ಹತ್ತರ ಮೇಲೆ ತಲುಪಿದರೆ ಊಟ ಸಿಗುತ್ತದೆಯೇ? ಸಸ್ಯಾಹಾರಕ್ಕೆ ಅಡುಗೆಮನೆ ಬೇರೆ ಇದೆಯೇ? ಆನೆ ಬರುತ್ತದೆಯೇ?

ಈಗ ಇದೇ ಹೋಂಸ್ಟೇಯ ವೆಬ್‌ಸೈಟ್ ತೆರೆದು ನೋಡಿದರೆ ಸಾಮಾನ್ಯವಾಗಿ ಸಿಗುವ ವಾಕ್ಯ ಇದು: “ಹಚ್ಚ ಹಸಿರಿನ ಮಡಿಲಲ್ಲಿ, ಪ್ರಕೃತಿಯ ಸೊಬಗಿನ ನಡುವೆ, ಮರೆಯಲಾಗದ ಅನುಭವಕ್ಕೆ ಸ್ವಾಗತ.” ಈ ವಾಕ್ಯವನ್ನು ಪಶ್ಚಿಮ ಘಟ್ಟದ ಯಾವ ಮನೆಯ ಬಾಗಿಲಿಗೂ ತೂಗುಹಾಕಬಹುದು, ಇದನ್ನು ಓದಿ ಯಾರೂ ಅಡ್ವಾನ್ಸ್ ಕಳಿಸುವುದಿಲ್ಲ. ಬದಲಿಗೆ, “ಡಾಂಬರು ರಸ್ತೆ ಮುಗಿದ ಮೇಲೆ ಒಂದೂವರೆ ಕಿಲೋಮೀಟರ್ ಮಣ್ಣಿನ ದಾರಿ ಇದೆ, ಬೇಸಿಗೆಯಲ್ಲಿ ಎಲ್ಲ ಕಾರುಗಳೂ ಬರುತ್ತವೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಿಮ್ಮ ಕಾರನ್ನು ಗೇಟಿನ ಬಳಿ ನಿಲ್ಲಿಸಿದರೆ ನಮ್ಮ ಜೀಪು ಬಂದು ಕರೆದೊಯ್ಯುತ್ತದೆ, ಅದಕ್ಕೆ ಬೇರೆ ಹಣವಿಲ್ಲ” ಎಂದು ಬರೆದರೆ ಓದಿದವರ ಒಂದು ಆತಂಕ ಅಲ್ಲೇ ಕಳೆಯುತ್ತದೆ. ಇಂಥ ಮಾಹಿತಿ ಬೇರೆ ಯಾರ ಬಳಿಯೂ ಇಲ್ಲ. ಬೆಂಗಳೂರಿನ ಏಜೆನ್ಸಿಗೆ ನಿಮ್ಮ ಗೇಟಿನಿಂದಾಚೆಯ ದಾರಿ ಗೊತ್ತಿರುವುದು ಹೇಗೆ?

ಆನೆ, ಜಿಗಣೆ, ನೆಟ್‌ವರ್ಕ್ ಇಲ್ಲದಿರುವಿಕೆ ಮುಂತಾದವನ್ನು ಬರೆದರೆ ಅತಿಥಿಗಳು ಬರುವುದಿಲ್ಲವೆಂಬ ಹೆದರಿಕೆ ಹಲವರಿಗಿದೆ. ಬರೆದದ್ದನ್ನು ಓದಿ ಬಾರದವರು, ಬರೆಯದಿದ್ದರೆ ಬಂದು, ಬೇಸರಪಟ್ಟು, ಒಂದು ನಕ್ಷತ್ರದ ವಿಮರ್ಶೆ ಬರೆದು ಹೋಗುತ್ತಿದ್ದರು ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ನಮ್ಮ ಸೈಟಿನಲ್ಲಿ ಮುಳ್ಳಯ್ಯನಗಿರಿ, ಬೇಲೂರು, ಹಳೇಬೀಡುಗಳ ಬಗ್ಗೆ ಬರೆಯಬೇಕೇ?

ಮುಳ್ಳಯ್ಯನಗಿರಿ 1,930 ಮೀಟರ್ ಎತ್ತರವಿದೆ, ಅದು ಕರ್ನಾಟಕದ ಅತಿ ಎತ್ತರದ ಶಿಖರ ಎಂಬ ಸಂಗತಿ ಲೆಕ್ಕವಿಲ್ಲದಷ್ಟು ಪುಟಗಳಲ್ಲಿ ಈಗಾಗಲೇ ಇದೆ. ಬೇಲೂರು, ಹಳೇಬೀಡು ಮತ್ತು ಸೋಮನಾಥಪುರದ ಹೊಯ್ಸಳ ದೇವಾಲಯಗಳು 2023ರ ಸೆಪ್ಟೆಂಬರಿನಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಸುದ್ದಿಯೂ ಹಾಗೆಯೇ. ಅದನ್ನೇ ನೀವೂ ಬರೆದರೆ ಆ ರಾಶಿಯಲ್ಲಿ ಇನ್ನೊಂದು ಪುಟ ಸೇರುತ್ತದೆ, ಅಷ್ಟೆ. ವಿಕಿಪೀಡಿಯ ಮತ್ತು ದೊಡ್ಡ ಪ್ರವಾಸಿ ತಾಣಗಳನ್ನು ದಾಟಿ ಅದು ಮೇಲೆ ಬರುವುದು ಕಷ್ಟ.

ನಿಮ್ಮ ಮನೆಯನ್ನೇ ಆರಂಭಬಿಂದುವಾಗಿಟ್ಟುಕೊಂಡು ಬರೆದರೆ ಮಾತು ಬೇರೆ. “ನಮ್ಮಲ್ಲಿ ಉಳಿದವರು ಬೆಳಿಗ್ಗೆ ತಿಂಡಿ ಮುಗಿಸಿ ಹೊರಟು ಬೇಲೂರು, ಹಳೇಬೀಡು, ಬೆಳವಾಡಿ ಮೂರನ್ನೂ ನೋಡಿ ಸಂಜೆಗೆ ಹಿಂದಿರುಗುವುದು ಹೇಗೆ” ಎಂಬ ಪುಟ, ಮಧ್ಯಾಹ್ನದ ಊಟ ಎಲ್ಲಿ, ಬರಿಗಾಲಿನಲ್ಲಿ ನಡೆಯಬೇಕಾದ ಕಲ್ಲುಹಾಸು ಬಿಸಿಲಿಗೆ ಯಾವ ಹೊತ್ತಿಗೆ ಕಾಯುತ್ತದೆ ಎಂಬ ವಿವರಗಳೊಡನೆ ಇದ್ದರೆ, ಅದು ನಿಜಕ್ಕೂ ಉಪಯೋಗಕ್ಕೆ ಬರುವ ಬರಹ. ಶಿರಾಡಿ ಘಾಟಿ ಅಥವಾ ಚಾರ್ಮಾಡಿ ಘಾಟಿಯಲ್ಲಿ ಮಳೆಗಾಲದಲ್ಲಿ ಭೂಕುಸಿತವಾಗಿ ಸಂಚಾರ ನಿಂತಾಗ ಮಂಗಳೂರಿನ ಕಡೆಯಿಂದ ಬರುವವರು ಯಾವ ದಾರಿ ಹಿಡಿಯಬೇಕೆಂಬುದೂ ಅಂಥದೇ ವಿಷಯ. ಒಂದು ಎಚ್ಚರಿಕೆ ಮಾತ್ರ: ಗಿರಿಶ್ರೇಣಿಗೆ ವಾಹನ ಬಿಡುವ ನಿಯಮ, ಪ್ರವೇಶ ಶುಲ್ಕ, ಚಾರಣದ ಅನುಮತಿ ಇವೆಲ್ಲ ಬದಲಾಗುತ್ತಿರುತ್ತವೆ. ಪುಟದಲ್ಲಿ “ಕೊನೆಯ ಬಾರಿ ಪರಿಶೀಲಿಸಿದ ದಿನಾಂಕ” ಹಾಕಿ. ಆದರೆ ಪರಿಶೀಲಿಸದೆ ದಿನಾಂಕವನ್ನು ಮಾತ್ರ ಬದಲಿಸುವ ಚಾಳಿ ಬೇಡ.

ಕನ್ನಡದಲ್ಲಿ ಬರೆಯಬೇಕೋ, ಇಂಗ್ಲಿಷಿನಲ್ಲೋ?

ಹಣ ಕೊಡುವ ಗ್ರಾಹಕ ಯಾವ ಭಾಷೆಯಲ್ಲಿ ವಿಚಾರಿಸುತ್ತಾನೋ ಆ ಭಾಷೆಯಲ್ಲಿ. ಕಲ್ಯಾಣ ಮಂಟಪ, ಟ್ರ್ಯಾಕ್ಟರ್ ಬಾಡಿಗೆ, ಕಾಫಿ ಗಿಡದ ನರ್ಸರಿ, ಬಾವಿ ತೋಡುವ ಕೆಲಸ ಇವುಗಳ ಗ್ರಾಹಕರು ಸುತ್ತಮುತ್ತಲಿನವರು. ಅವರಿಗೆ ಕನ್ನಡವೇ ಸಾಕು. ಹೋಂಸ್ಟೇಗೆ ಎರಡೂ ಬೇಕಾಗಬಹುದು. ಎರಡು ಭಾಷೆ ಇದ್ದರೆ ಒಂದೇ ಪುಟದಲ್ಲಿ ಎರಡನ್ನೂ ಬೆರೆಸದೆ ಪ್ರತಿ ಭಾಷೆಗೂ ಬೇರೆ ವಿಳಾಸದ ಪುಟ ಮಾಡಿ, ಇದು ಅದರ ಕನ್ನಡ ರೂಪ ಎಂದು ಸರ್ಚ್ ಎಂಜಿನ್‌ಗೆ ತಿಳಿಸುವ ಹ್ರೆಫ್‌ಲ್ಯಾಂಗ್ ಗುರುತನ್ನು ಹಾಕಿಸಿ. ಭಾಷೆ ತಾನಾಗಿ ಬದಲಾಗುವ ಯಂತ್ರಾನುವಾದದ ಗುಂಡಿಯನ್ನು ಮಾತ್ರ ಇಟ್ಟು ಅದನ್ನೇ ಕನ್ನಡ ಆವೃತ್ತಿ ಎನ್ನುವುದು ಓದುಗರಿಗೆ ಮಾಡುವ ಅವಮಾನವೆಂದು ನಮ್ಮ ಅಭಿಪ್ರಾಯ.

ಕನ್ನಡದಲ್ಲಿ ಬರೆಯುವವರು ಎಡವುವ ಒಂದು ಜಾಗವನ್ನು ಇಲ್ಲಿ ಹೇಳಲೇಬೇಕು. ನಮ್ಮ ಊರುಗಳ ಡಿಟಿಪಿ ಅಂಗಡಿಗಳಲ್ಲಿ ಇಂದಿಗೂ ನುಡಿ, ಬರಹ ತಂತ್ರಾಂಶಗಳ ಹಳೆಯ, ಯೂನಿಕೋಡ್ ಅಲ್ಲದ ಫಾಂಟುಗಳಲ್ಲಿ ಟೈಪ್ ಮಾಡುವ ರೂಢಿಯಿದೆ. ಆ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿರುತ್ತವೆ. ಕಾಗದದ ಮೇಲೆ ಮುದ್ರಿಸಲು ಅದರಿಂದ ತೊಂದರೆಯಿಲ್ಲ. ಅದೇ ಪಠ್ಯವನ್ನು ವೆಬ್‌ಸೈಟಿಗೆ ಅಂಟಿಸಿದರೆ ಆ ಫಾಂಟ್ ಇಲ್ಲದ ಫೋನಿನಲ್ಲಿ ಅರ್ಥವಾಗದ ಚಿಹ್ನೆಗಳ ಗೋಜಲು ಕಾಣುತ್ತದೆ, ಗೂಗಲ್ ಓದುವುದೂ ಆ ಗೋಜಲನ್ನೇ. ಇದನ್ನು ತಪ್ಪಿಸಲು ಪಠ್ಯವನ್ನು ಚಿತ್ರವಾಗಿ ಹಾಕುವವರಿದ್ದಾರೆ. ಚಿತ್ರದೊಳಗಿನ ಕನ್ನಡ ಹುಡುಕಾಟಕ್ಕೆ ನೆಚ್ಚಿಕೊಳ್ಳುವಂಥದ್ದಲ್ಲ, ಕುರುಡರು ಬಳಸುವ ಓದು ತಂತ್ರಾಂಶಕ್ಕೂ ಅದು ದಕ್ಕುವುದಿಲ್ಲ. ನುಡಿಯ ಪಠ್ಯವನ್ನು ಯೂನಿಕೋಡ್‌ಗೆ ಪರಿವರ್ತಿಸುವ ಉಚಿತ ಸಾಧನಗಳಿವೆ. ಪರಿವರ್ತಿಸಿದ ಮೇಲೆ ಒತ್ತಕ್ಷರ ಮತ್ತು ಅರ್ಕಾವತ್ತುಗಳನ್ನು ಒಮ್ಮೆ ಕಣ್ಣಾಡಿಸಿ ತಿದ್ದಿಕೊಳ್ಳಿ.

ಊರಿನ ಹೆಸರಿನ ಕಾಗುಣಿತದಿಂದ ವ್ಯತ್ಯಾಸವಾಗುತ್ತದೆಯೇ?

ಸ್ವಲ್ಪ ಆಗುತ್ತದೆ. ಇಂಗ್ಲಿಷಿನಲ್ಲಿ ಚಿಕ್ಕಮಗಳೂರೂ ಸೇರಿ ರಾಜ್ಯದ ಕೆಲವು ಊರುಗಳ ಹೆಸರಿನ ಅಧಿಕೃತ ಕಾಗುಣಿತ 2014ರ ನವೆಂಬರ್ 1ರಂದು ಬದಲಾಯಿತು. ಆದರೂ ಹೊರಗಿನವರು ಚಿಕ್‌ಮಗಳೂರ್ ಎಂಬ ಹಳೆಯ ರೂಪದಲ್ಲೇ ಹುಡುಕುವುದುಂಟು, ಸಕಲೇಶಪುರಕ್ಕೂ ನಾಲ್ಕಾರು ರೂಪಗಳಿವೆ. ಎರಡೂ ಒಂದೇ ಊರೆಂದು ಗೂಗಲ್‌ಗೆ ಗೊತ್ತಿರುವುದರಿಂದ ಪ್ರತಿ ರೂಪಕ್ಕೂ ಒಂದೊಂದು ಪುಟ ಮಾಡುವ ಅಗತ್ಯವಿಲ್ಲ. ಶೀರ್ಷಿಕೆಯಲ್ಲಿ ಹೊಸ ರೂಪ, ವಿಳಾಸದ ಸಾಲಿನಲ್ಲಿ ಒಮ್ಮೆ ಹಳೆಯ ರೂಪ ಬಂದರೆ ಸಾಕು. ಹಾಸನದವರ ತೊಂದರೆ ಬೇರೆ: ಇಂಗ್ಲಿಷಿನಲ್ಲಿ ಅದು ವ್ಯಕ್ತಿಯ ಹೆಸರೂ ಹೌದು. ಬೇಲೂರಿನವರಿಗೆ ಪಶ್ಚಿಮ ಬಂಗಾಳದ ಬೇಲೂರು ಮಠ ಅಡ್ಡ ಬರುತ್ತದೆ. ಜಿಲ್ಲೆ ಮತ್ತು ರಾಜ್ಯದ ಹೆಸರನ್ನೂ ಸೇರಿಸಿ ಬರೆದರೆ ಗೊಂದಲ ಬಹುಪಾಲು ತಪ್ಪುತ್ತದೆ.

ಮೂರು ತಿಂಗಳಲ್ಲಿ ಗೂಗಲ್‌ನಲ್ಲಿ ಮೊದಲ ಸ್ಥಾನ ಖಾತರಿ ಎಂದು ಒಬ್ಬರು ಹೇಳುತ್ತಿದ್ದಾರೆ. ನಂಬಬಹುದೇ?

ನಂಬಬೇಡಿ. ಮೊದಲ ಸ್ಥಾನವನ್ನು ಯಾರೂ ಖಾತರಿಪಡಿಸಲಾರರು ಎಂದು ಗೂಗಲ್ ತನ್ನ ಮಾರ್ಗದರ್ಶಿಯಲ್ಲೇ ಬರೆದಿದೆ. ಗೂಗಲ್‌ನ ಕೆಲಸ ಮೂರು ಹಂತಗಳಲ್ಲಿ ನಡೆಯುತ್ತದೆ: ಅದರ ತಂತ್ರಾಂಶ ಕೊಂಡಿಯಿಂದ (ಲಿಂಕ್) ಕೊಂಡಿಗೆ ಸಾಗುತ್ತ ಪುಟಗಳನ್ನು ಓದುತ್ತದೆ, ಓದಿದ್ದರಲ್ಲಿ ಯೋಗ್ಯವೆನಿಸಿದ್ದನ್ನು ತನ್ನ ಸೂಚಿಯಲ್ಲಿ ಸೇರಿಸುತ್ತದೆ, ಯಾರಾದರೂ ಹುಡುಕಿದಾಗ ಆ ಸೂಚಿಯಿಂದ ಹೊಂದುವ ಪುಟಗಳನ್ನು ಕ್ರಮವಾಗಿ ತೋರಿಸುತ್ತದೆ. ಸಹಜ ಫಲಿತಾಂಶದಲ್ಲಿ ಹಣ ಕೊಟ್ಟು ಸ್ಥಾನ ಪಡೆಯಲು ಬರುವುದಿಲ್ಲ. ಹಣ ಕೊಟ್ಟು ಪಡೆಯುವುದು ಜಾಹೀರಾತಿನ ಜಾಗ, ಅದರ ಮೇಲೆ ಜಾಹೀರಾತೆಂಬ ಗುರುತಿರುತ್ತದೆ.

ಖಾತರಿ ಕೊಡುವವರು ಹಲವೊಮ್ಮೆ ಮಾಡುವುದು ಎರಡರಲ್ಲೊಂದು. ನಿಮ್ಮ ಹೋಂಸ್ಟೇಯ ಹೆಸರನ್ನೇ ಹುಡುಕಿ ಮೊದಲ ಸ್ಥಾನ ತೋರಿಸುತ್ತಾರೆ. ಆ ಹೆಸರು ಬೇರೆ ಯಾರಿಗೂ ಇಲ್ಲದಿದ್ದಾಗ ಅದೇನು ಸಾಧನೆ? ಇಲ್ಲವಾದರೆ ನೂರಾರು ಕಸದ ತಾಣಗಳಿಂದ ಕೊಂಡಿಗಳನ್ನು ಕೊಳ್ಳುತ್ತಾರೆ. ಅಂಥ ಕೊಂಡಿಗಳ ವಿರುದ್ಧ ಗೂಗಲ್ 2012ರಲ್ಲೇ ತನ್ನ ಶ್ರೇಯಾಂಕ ವಿಧಾನದಲ್ಲಿ ಪೆಂಗ್ವಿನ್ ಎಂಬ ಬದಲಾವಣೆಯನ್ನು ತಂದಿತು. ಕೀವರ್ಡ್‌ಗಳ ಪಟ್ಟಿಯನ್ನು ಪುಟದ ಒಳಗಿನ, ಓದುಗರಿಗೆ ಕಾಣದ ಮೆಟಾ ಟ್ಯಾಗಿನಲ್ಲಿ ತುಂಬುವುದಕ್ಕೂ ಕೆಲವರು ಹಣ ಪಡೆಯುತ್ತಾರೆ. ಶ್ರೇಯಾಂಕಕ್ಕೆ ಅದನ್ನು ಬಳಸುವುದಿಲ್ಲವೆಂದು ಗೂಗಲ್ 2009ರಲ್ಲೇ ಹೇಳಿದೆ. ಪ್ರಶ್ನೋತ್ತರ ಪುಟಕ್ಕೆ ವಿಶೇಷ ಗುರುತು ಹಾಕಿದರೆ ಫಲಿತಾಂಶದಲ್ಲಿ ಪ್ರಶ್ನೆಗಳೇ ತೆರೆದುಕೊಳ್ಳುತ್ತವೆ ಎನ್ನುವುದೂ ಹಳೆಯ ಮಾತಾಯಿತು. 2023ರ ಆಗಸ್ಟ್‌ನಲ್ಲಿ ಗೂಗಲ್ ಆ ಸೌಲಭ್ಯವನ್ನು ಹೆಸರಾಂತ ಸರ್ಕಾರಿ ಮತ್ತು ಆರೋಗ್ಯ ತಾಣಗಳಿಗೆ ಸೀಮಿತಗೊಳಿಸಿತು.

ಹೊಸ ಸೈಟಿಗೆ ಫಲ ಕಾಣಲು ನಾಲ್ಕು ತಿಂಗಳಿಂದ ಒಂದು ವರ್ಷ ಹಿಡಿಯುವುದು ಸಹಜ. ಆರು ತಿಂಗಳಾದರೂ ನಿಮ್ಮ ಹೆಸರನ್ನೇ ಹುಡುಕಿದರೂ ಸೈಟ್ ಕಾಣದಿದ್ದರೆ ತಾಂತ್ರಿಕ ದೋಷವಿರಬಹುದು. ವರ್ಡ್‌ಪ್ರೆಸ್‌ನಲ್ಲಿ ಸೈಟ್ ಕಟ್ಟುವಾಗ ಸರ್ಚ್ ಎಂಜಿನ್‌ಗಳನ್ನು ದೂರವಿಡುವ ಒಂದು ಆಯ್ಕೆಗೆ ಟಿಕ್ ಹಾಕಿರುತ್ತಾರೆ, ಕೆಲಸ ಮುಗಿದ ಮೇಲೆ ಅದನ್ನು ತೆಗೆಯಲು ಮರೆಯುತ್ತಾರೆ. ಮೊದಲು ಅದನ್ನು ನೋಡಿಸಿ.

ಗೂಗಲ್ ನಕ್ಷೆಯಲ್ಲಿ ಕಾಣಲು ಏನು ಮಾಡಬೇಕು?

ನಕ್ಷೆಯಲ್ಲಿ ನಿಮ್ಮ ವ್ಯಾಪಾರದ ವಿವರ ತೋರಿಸುವ ಗೂಗಲ್ ಬಿಸಿನೆಸ್ ಪ್ರೊಫೈಲ್ ಮಾಡಿಕೊಳ್ಳಿ, ಅದು ಉಚಿತ. 2021ರವರೆಗೆ ಅದಕ್ಕೆ ಗೂಗಲ್ ಮೈ ಬಿಸಿನೆಸ್ ಎಂಬ ಹೆಸರಿತ್ತು. ಊರಿನ ವ್ಯಾಪಾರಗಳ ಫಲಿತಾಂಶವನ್ನು ಹುಡುಕಿದ ಮಾತಿಗೆ ಎಷ್ಟು ಹೊಂದುತ್ತದೆ, ಹುಡುಕುವವರಿಂದ ಎಷ್ಟು ದೂರ, ಎಷ್ಟು ಹೆಸರುವಾಸಿ ಎಂಬ ಮೂರು ಅಂಶಗಳ ಮೇಲೆ ತೀರ್ಮಾನಿಸಲಾಗುತ್ತದೆ. ದೂರವನ್ನು ನೀವು ಬದಲಿಸಲಾರಿರಿ. ಉಳಿದೆರಡಕ್ಕೆ ಸರಿಯಾದ ವರ್ಗ, ಸರಿಯಾದ ಫೋನ್ ನಂಬರ್, ಹಬ್ಬದ ದಿನಗಳ ಸಮಯ, ಇತ್ತೀಚಿನ ಫೋಟೋಗಳು ಬೇಕು. ಹೆಸರಿನ ಜಾಗದಲ್ಲಿ ನಿಜವಾದ ಹೆಸರು ಮಾತ್ರ ಇರಲಿ. “ಅತ್ಯುತ್ತಮ, ಅಗ್ಗದ” ಎಂದೆಲ್ಲ ತುರುಕಿದರೆ ಪ್ರೊಫೈಲನ್ನೇ ಅಮಾನತು ಮಾಡುವ ನಿಯಮವಿದೆ.

ಮಲೆನಾಡಿನಲ್ಲಿ ಇದಕ್ಕಿಂತಲೂ ಮುಖ್ಯವಾದುದು ನಕ್ಷೆಯ ಗುರುತು ಸರಿಯಾದ ಜಾಗದಲ್ಲಿದೆಯೇ ಎಂಬುದು. ತೋಟ ದೊಡ್ಡದಿದ್ದಾಗ ಗುರುತು ತೋಟದ ನಡುವೆಯೋ ಹಿಂಬದಿಯ ಕಾಲುದಾರಿಯ ಬಳಿಯೋ ಬಿದ್ದು, ಅತಿಥಿಯ ಕಾರು ಪಕ್ಕದ ಎಸ್ಟೇಟಿನ ಬೀಗ ಹಾಕಿದ ಗೇಟಿನ ಮುಂದೆ ಕತ್ತಲಲ್ಲಿ ನಿಲ್ಲುವ ಪ್ರಸಂಗಗಳಿವೆ. ಗುರುತನ್ನು ವಾಹನ ಒಳಬರುವ ಗೇಟಿನ ಮೇಲೇ ಇಡಿ. ನೆಟ್‌ವರ್ಕ್ ತಪ್ಪುವ ಜಾಗಕ್ಕೆ ಮುಂಚೆಯೇ ನಕ್ಷೆಯನ್ನು ಡೌನ್‌ಲೋಡ್ ಮಾಡಿಕೊಳ್ಳುವಂತೆ ನಿಮ್ಮ ಪುಟದಲ್ಲಿ ತಿಳಿಸಿ.

ಒಳ್ಳೆಯ ವಿಮರ್ಶೆ ಬರೆದವರಿಗೆ ರಿಯಾಯಿತಿ ಕೊಡಬಹುದೇ?

ಕೊಡಬಾರದು. ಹಣ, ರಿಯಾಯಿತಿ ಅಥವಾ ಉಡುಗೊರೆಗೆ ಬದಲಾಗಿ ಬರೆಸಿದ ವಿಮರ್ಶೆಗಳನ್ನು ಗೂಗಲ್ ನಿಷೇಧಿಸಿದೆ. ಭಾರತದಲ್ಲಿ ಆನ್‌ಲೈನ್ ವಿಮರ್ಶೆಗಳಿಗಾಗಿಯೇ ಭಾರತೀಯ ಮಾನಕ ಬ್ಯೂರೊ 2022ರಲ್ಲಿ ಐಎಸ್ 19000 ಎಂಬ ಮಾನಕವನ್ನು ಹೊರತಂದಿದೆ. ಬಂದವರೆಲ್ಲರನ್ನೂ ಹೊರಡುವಾಗ ಒಂದೇ ರೀತಿ ಕೇಳಿಕೊಳ್ಳಿ, ಖುಷಿಯಾದವರನ್ನು ಮಾತ್ರ ಆರಿಸಿ ಕೇಳಬೇಡಿ. ಕಟುವಾದ ವಿಮರ್ಶೆಗೆ ಅಂದೇ ರಾತ್ರಿ ಉತ್ತರಿಸದೆ ಮಾರನೆಯ ದಿನ ಉತ್ತರಿಸಿ. ಆ ಉತ್ತರವನ್ನು ಮುಂದಿನ ಅತಿಥಿಗಳು ಓದುತ್ತಾರೆಂಬುದನ್ನು ನೆನಪಿಟ್ಟು ಬರೆಯಿರಿ. ಬಿಸಿನೀರು ಬರಲಿಲ್ಲವೆಂಬ ದೂರು ನಿಜವಾಗಿದ್ದರೆ, ಹೀಟರ್ ಬದಲಿಸಿದ ಮೇಲೆ ಬದಲಿಸಿದ್ದೇವೆಂದು ಒಂದೇ ಸಾಲಿನಲ್ಲಿ ಬರೆಯುವುದು ಎಷ್ಟೋ ಕ್ಷಮೆಯ ಮಾತುಗಳಿಗಿಂತ ಮೇಲು.

ಫೋಟೋ ಹೆಚ್ಚು ಹಾಕಿದಷ್ಟೂ ಒಳ್ಳೆಯದಲ್ಲವೇ?

ಫೋನಿನಿಂದ ತೆಗೆದ ಫೋಟೋವನ್ನು ಹಾಗೆಯೇ ಏರಿಸಿದರೆ ಒಂದೊಂದೂ ಹಲವು ಎಂಬಿ ತೂಗುತ್ತದೆ, ಪುಟ ತೆರೆಯಲು ಹೆಣಗಾಡುತ್ತದೆ. ನಿಮ್ಮ ಪುಟವನ್ನು ಬಹಳ ಜನ ನೋಡುವುದು ಫೋನಿನಲ್ಲಿ, ಕೆಲವರು ಘಾಟಿ ಹತ್ತುತ್ತ ದುರ್ಬಲ ಸಿಗ್ನಲ್‌ನಲ್ಲಿ. ಪುಟದ ಮುಖ್ಯ ಭಾಗ ಎರಡೂವರೆ ಸೆಕೆಂಡಿನೊಳಗೆ ಕಾಣಿಸಬೇಕೆಂಬುದು ಗೂಗಲ್ ಇಟ್ಟಿರುವ ಅಳತೆ. ಫೋಟೋಗಳನ್ನು ಕಡಿಮೆ ತೂಗುವ ವೆಬ್‌ಪಿ ರೂಪಕ್ಕೆ ಇಳಿಸಿ, ಪ್ರತಿಯೊಂದಕ್ಕೂ ಅದರಲ್ಲಿರುವುದೇನೆಂದು ಪರ್ಯಾಯ ಪಠ್ಯ ಬರೆಯಿರಿ. ಮಂಜಿನ ಬೆಟ್ಟದ ಹತ್ತು ಚಿತ್ರಗಳಿಗಿಂತ ಬಚ್ಚಲುಮನೆಯ ಒಂದು ಸ್ಪಷ್ಟ ಚಿತ್ರ ಹೆಚ್ಚು ಬುಕಿಂಗ್ ತರುತ್ತದೆ ಎಂದರೆ ಮಾಲೀಕರು ನಗುತ್ತಾರೆ. ಫೋನಿನಲ್ಲಿ ಬಚ್ಚಲಿನ ಫೋಟೋ ಕಳಿಸಿ ಎಂದು ಕೇಳದ ಕುಟುಂಬ ಎಷ್ಟಿದೆ ಎಂದು ಅವರೇ ಯೋಚಿಸಲಿ.

ಎಐ ಕೈಯಲ್ಲಿ ಬರೆಸಿದರೆ ಗೂಗಲ್ ಶಿಕ್ಷಿಸುತ್ತದೆಯೇ?

ಬರೆದದ್ದು ಯಂತ್ರವೋ ಮನುಷ್ಯನೋ ಎಂಬುದು ಗೂಗಲ್‌ನ ಮಾನದಂಡವಲ್ಲ. ಶ್ರೇಯಾಂಕಕ್ಕಾಗಿಯೇ ರಾಶಿಗಟ್ಟಲೆ ಹುರುಳಿಲ್ಲದ ಪುಟಗಳನ್ನು ಸೃಷ್ಟಿಸುವುದನ್ನು 2024ರ ಮಾರ್ಚ್‌ನಲ್ಲಿ ಅದು ಸ್ಪಷ್ಟವಾಗಿ ಸ್ಪ್ಯಾಮ್ ಎಂದು ಕರೆದಿದೆ, ಯಾರು ಬರೆದರೂ. ವಾಕ್ಯ ತಿದ್ದಲು, ಇಂಗ್ಲಿಷ್ ರೂಪ ಸಿದ್ಧಪಡಿಸಲು ಎಐ ಬಳಸಿಕೊಳ್ಳಿ. ಆದರೆ ನಿಮ್ಮ ಗೇಟಿನ ದಾರಿ ಅದಕ್ಕೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಅದು ಗೊತ್ತಿರುವಷ್ಟೇ ಧೈರ್ಯದಿಂದ ಬರೆಯುತ್ತದೆ. ಈಗ ಹುಡುಕಾಟದ ಫಲಿತಾಂಶದ ಮೇಲೇ ಎಐ ಸಾರಾಂಶಗಳು ಬರುತ್ತಿರುವುದರಿಂದ “ಮುಳ್ಳಯ್ಯನಗಿರಿಯ ಎತ್ತರವೆಷ್ಟು” ಎಂದು ಹುಡುಕಿದವರು ಯಾವ ಪುಟವನ್ನೂ ತೆರೆಯದೆ ಹೋಗಬಹುದು. ನಿಮ್ಮ ಮನೆಯ ಮೆಟ್ಟಿಲಿನ ಲೆಕ್ಕ ಬೇಕಾದವರಿಗೆ ಮಾತ್ರ ನಿಮ್ಮ ಪುಟವೇ ಬೇಕು.

ವಾರಕ್ಕೆ ಎಷ್ಟು ಲೇಖನ ಹಾಕಬೇಕು?

ವಾರದ ಲೆಕ್ಕವೇ ಬೇಡ. ನಮ್ಮ ಕಡೆಯ ವ್ಯಾಪಾರ ನಡೆಯುವುದು ಋತುಮಾನದ ಮೇಲೆ. ಬರೆಯುವುದೂ ಹಾಗೆಯೇ ಇರಲಿ. ಮಾರ್ಚ್–ಏಪ್ರಿಲ್‌ನ ಹೂಮಳೆ ಬಿದ್ದು ಒಂಬತ್ತು ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾಗುತ್ತದೆ, ಮೂರು ನಾಲ್ಕು ದಿನದಲ್ಲಿ ಹೂ ಬಾಡುತ್ತದೆ. ಕಾಫಿ ಹೂ ನೋಡಲು ಯಾವಾಗ ಬರಬೇಕೆಂದು ಕೇಳುವವರಿಗೆ ಉತ್ತರ ಫೆಬ್ರುವರಿಯಲ್ಲೇ ಸಿದ್ಧವಿರಬೇಕು, ಮಳೆ ಬಿದ್ದ ದಿನ ಒಂದು ಸಾಲು ಸೇರಿಸಿದರೆ ಸಾಕು. ಮಳೆಗಾಲದ ರಸ್ತೆಯ ಮಾಹಿತಿ ಮೇ ತಿಂಗಳಲ್ಲಿ. ಹಾಸನಾಂಬೆಯ ದೇವಾಲಯದ ಬಾಗಿಲು ವರ್ಷಕ್ಕೊಮ್ಮೆ, ಆಶ್ವಯುಜದಲ್ಲಿ ಕೆಲವೇ ದಿನ ತೆರೆಯುತ್ತದೆ. ಹಾಸನದಲ್ಲಿ ವಸತಿಗೃಹ ನಡೆಸುವವರು ಪಾರ್ಕಿಂಗ್ ಮತ್ತು ದರದ ವಿವರವನ್ನು ಅದಕ್ಕೆ ಒಂದೆರಡು ತಿಂಗಳು ಮೊದಲೇ ಹಾಕಿರಬೇಕು. ನವೆಂಬರಿನಿಂದ ಜನವರಿವರೆಗೆ ಅರೇಬಿಕಾ ಕೊಯ್ಲು, ಆಮೇಲೆ ರೊಬಸ್ಟಾ. ಹಣ್ಣು ಕೊಯ್ಯುವುದನ್ನು, ಕಣದಲ್ಲಿ ಒಣಗಿಸುವುದನ್ನು ನೋಡಬಯಸುವವರ ಕಾಲ ಅದು.

ಪ್ರತಿ ವರ್ಷ ಹೊಸ ಪುಟ ಮಾಡಬೇಡಿ. ಅದೇ ವಿಳಾಸದ ಪುಟವನ್ನು ತಿದ್ದಿ, ಹೊಸ ಫೋಟೋ ಹಾಕಿ. ಪುಟ ಹಳೆಯದಾದಂತೆ ಅದಕ್ಕೆ ಬಂದ ಕೊಂಡಿಗಳು ಹಾಗೆಯೇ ಉಳಿಯುತ್ತವೆ. ವಿಳಾಸ ಬದಲಿಸಲೇಬೇಕಾದರೆ ಹಳೆಯದರಿಂದ ಹೊಸದಕ್ಕೆ ಓದುಗರು ತಾನಾಗಿ ಹೋಗುವಂತೆ ಶಾಶ್ವತ ಮರುನಿರ್ದೇಶನ ಮಾಡಿಸಿ.

ನಮ್ಮ ತೋಟದ ಕಾಫಿ ಪುಡಿಯನ್ನು ಸೈಟಿನಲ್ಲಿ ಮಾರಲು ಏನೇನು ಬರೆಯಬೇಕು?

ಮೊದಲು ಕಾನೂನು ಕೇಳುವುದನ್ನು ಬರೆಯಿರಿ: ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ನೋಂದಣಿ ಅಥವಾ ಪರವಾನಗಿ ಸಂಖ್ಯೆ, ನಿವ್ವಳ ತೂಕ, ಗರಿಷ್ಠ ಮಾರಾಟ ಬೆಲೆ, ತಯಾರಕರ ಹೆಸರು ಮತ್ತು ವಿಳಾಸ, ದೂರು ಸ್ವೀಕರಿಸುವವರ ವಿವರ. ಚಿಕೋರಿ ಬೆರೆಸಿದ್ದರೆ ಎಷ್ಟೆಂದು ಹೇಳಬೇಕು. ಮಿಶ್ರಣದಲ್ಲಿ ಕಾಫಿ ಶೇ 51ಕ್ಕಿಂತ ಕಡಿಮೆ ಇರುವಂತಿಲ್ಲ. ಚಿಕ್ಕಮಗಳೂರು ಅರೇಬಿಕಾ ಮತ್ತು ಬಾಬಾಬುಡನ್‌ಗಿರಿ ಅರೇಬಿಕಾ ಎರಡಕ್ಕೂ 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆತಿದೆ. ಆ ಗುರುತನ್ನು ಬಳಸಲು ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಳ್ಳಬೇಕು, ಜಿಲ್ಲೆಯಲ್ಲಿ ತೋಟವಿದೆ ಎಂಬುದಷ್ಟೇ ಸಾಲದು.

ಆಮೇಲೆ ಕೊಳ್ಳುವವರ ಪ್ರಶ್ನೆಗಳು. ಇಲ್ಲಿಯೂ ಬಾಬಾ ಬುಡನ್ ಏಳು ಬೀಜ ತಂದ ಕಥೆಯನ್ನೇ ಎಲ್ಲರೂ ಮೊದಲು ಬರೆಯುತ್ತಾರೆ. ಬೆಂಗಳೂರಿನ ಗೃಹಿಣಿ ಕೇಳುವುದು ಬೇರೆ: ನಮ್ಮ ಹಿತ್ತಾಳೆ ಫಿಲ್ಟರಿಗೆ ಈ ಪುಡಿ ತೀರ ನುಣ್ಣಗಾಗುತ್ತದೆಯೇ? ಪೀಬೆರಿಗೂ ಪ್ಲಾಂಟೇಶನ್ ‘ಎ’ಗೂ ಏನು ವ್ಯತ್ಯಾಸ? ಹುರಿದ ದಿನ ಯಾವುದು? ಡಿಕಾಕ್ಷನ್ ಗಟ್ಟಿಯಾಗಿ ಇಳಿಯಲು ಎಷ್ಟು ಚಮಚ, ಎಷ್ಟು ನೀರು? ಹುರಿದ ದಿನಾಂಕವನ್ನು ಪ್ರತಿ ಪ್ಯಾಕೆಟ್ಟಿನ ಮೇಲೂ ಸೈಟಿನಲ್ಲೂ ಹಾಕುವ ಸಣ್ಣ ತಯಾರಕನಿಗೆ ದೊಡ್ಡ ಬ್ರ್ಯಾಂಡುಗಳ ಎದುರು ಇರುವ ಅನುಕೂಲ ಇಂಥ ವಿವರಗಳಲ್ಲೇ ಇದೆ.

ಜಾಹೀರಾತಿಗೆ ಹಣ ಹಾಕಬೇಕೇ?

ಸೈಟ್ ಸರಿಯಾಗುವವರೆಗೆ ಬೇಡ. ಉತ್ತರವಿಲ್ಲದ ಪುಟಕ್ಕೆ ಹಣ ಕೊಟ್ಟು ಜನರನ್ನು ಕರೆತಂದರೆ ಅವರು ಬಂದಷ್ಟೇ ಬೇಗ ಹಿಂದಿರುಗುತ್ತಾರೆ. ಆಮೇಲೆ ಹಾಕುವುದಾದರೆ ಬಿಡುವಿರುವ ವಾರದ ದಿನಗಳಿಗೆ ಹಾಕಿ. ಹೇಗೂ ತುಂಬುವ ಶನಿವಾರಕ್ಕೆ ಹಾಕಬೇಡಿ. ಗೂಗಲ್ ಜಾಹೀರಾತಿನಲ್ಲಿ ಬೇಡವಾದ ಪದಗಳ ಪಟ್ಟಿಯನ್ನು ಮೊದಲ ದಿನವೇ ಕೊಡಿ. ಇಲ್ಲವಾದರೆ “ಚಿಕ್ಕಮಗಳೂರು ಎಸ್ಟೇಟ್” ಎಂಬ ಪದಕ್ಕೆ ತೋಟ ಕೊಳ್ಳಲು ಬಂದವರೂ ಕೆಲಸ ಹುಡುಕುವವರೂ ಒತ್ತುತ್ತಾರೆ, ಪ್ರತಿ ಒತ್ತಿಗೂ ನಿಮ್ಮ ಹಣ ಹೋಗುತ್ತದೆ. ಇನ್‌ಸ್ಟಾಗ್ರಾಂ ಪ್ರಭಾವಿಗಳನ್ನು ಉಚಿತವಾಗಿ ಉಳಿಸಿಕೊಂಡು ವಿಡಿಯೊ ಮಾಡಿಸಿದರೆ, ಆ ಉಚಿತ ವಾಸ್ತವ್ಯವನ್ನು ಅವರು ವಿಡಿಯೊದಲ್ಲಿ ಸ್ಪಷ್ಟವಾಗಿ ಹೇಳಬೇಕೆಂಬುದು ಗ್ರಾಹಕ ವ್ಯವಹಾರಗಳ ಇಲಾಖೆಯ 2023ರ ಮಾರ್ಗಸೂಚಿ. ದಿಕ್ಕುತಪ್ಪಿಸುವ ಜಾಹೀರಾತಿಗೆ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಮೊದಲ ಬಾರಿಗೆ 10 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು.

ಹಳೆಯ ಅತಿಥಿಗಳಿಗೆ ವಾಟ್ಸ್ಆ್ಯಪ್ ಸಂದೇಶ ಕಳಿಸಬಹುದೇ?

ಒಪ್ಪಿಗೆ ಕೊಟ್ಟವರಿಗೆ ಮಾತ್ರ. ಚೆಕ್ಇನ್ ಪುಸ್ತಕದಲ್ಲಿ ಬರೆದ ನಂಬರ್ ಜಾಹೀರಾತಿಗಾಗಿ ಕೊಟ್ಟದ್ದಲ್ಲ; 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಆಶಯವೂ ಇದೇ. ಬೆಳಗಿನ ಶುಭೋದಯದ ಚಿತ್ರಗಳನ್ನು ಕಳಿಸಿ ಬ್ಲಾಕ್ ಮಾಡಿಸಿಕೊಳ್ಳುವುದಕ್ಕಿಂತ, ಕಾಫಿ ಹೂ ಬಿಟ್ಟಾಗ ಒಂದು, ಹೊಸ ಬೆಳೆಯ ಪುಡಿ ಸಿದ್ಧವಾದಾಗ ಒಂದು ಸಂದೇಶ ಕಳಿಸಿದರೆ ಸಾಕು.

ಕೆಲಸ ಫಲ ಕೊಡುತ್ತಿದೆಯೇ ಎಂದು ತಿಳಿಯುವುದು ಹೇಗೆ?

ಗೂಗಲ್ ಸರ್ಚ್ ಕನ್ಸೋಲ್ ಎಂಬ ಉಚಿತ ಸಾಧನವನ್ನು ಜೋಡಿಸಿಕೊಳ್ಳಿ. ಜನರು ಯಾವ ಮಾತುಗಳನ್ನು ಹುಡುಕಿದಾಗ ನಿಮ್ಮ ಪುಟ ಕಾಣಿಸಿತು, ಎಷ್ಟು ಮಂದಿ ಒತ್ತಿದರು ಎಂಬುದು ಅದರಲ್ಲಿ ಸಾಲುಸಾಲಾಗಿ ಇರುತ್ತದೆ. ಒಂದು ಮಾತಿಗೆ ನಿಮ್ಮ ಪುಟ ಮತ್ತೆ ಮತ್ತೆ ಮೇಲಿನ ಸ್ಥಾನಗಳಲ್ಲಿ ಕಾಣಿಸಿಕೊಂಡರೂ ಯಾರೂ ಒತ್ತುತ್ತಿಲ್ಲವಾದರೆ ಶೀರ್ಷಿಕೆ ಮಂಕಾಗಿದೆ ಎಂದರ್ಥ. ಅದನ್ನು ತಿದ್ದಿ ಒಂದು ತಿಂಗಳು ಕಾಯಿರಿ. ನೀವು ಊಹಿಸದ ಪ್ರಶ್ನೆಯೊಂದು ಪಟ್ಟಿಯಲ್ಲಿ ಕಂಡರೆ ಅದನ್ನು ಫೋನಿನ ಪಕ್ಕದ ನೋಟ್ ಪುಸ್ತಕಕ್ಕೆ ಸೇರಿಸಿ.

ಸೈಟಿಗೆ ಬಂದವರ ಒಟ್ಟು ಸಂಖ್ಯೆಯನ್ನು ನೋಡಿ ಹಿಗ್ಗಬೇಕಾಗಿಲ್ಲ. ಬುಕಿಂಗಿಗಾಗಿ ಕರೆ ಮಾಡಿದವರನ್ನು “ನಮ್ಮ ಬಗ್ಗೆ ಎಲ್ಲಿ ತಿಳಿಯಿತು” ಎಂದು ಕೇಳಿ ರಿಜಿಸ್ಟರಿನಲ್ಲಿ ಒಂದು ಕಾಲಂ ಬರೆಯುವುದು ಯಾವ ಅನಾಲಿಟಿಕ್ಸ್‌ಗೂ ಸಾಟಿಯಾಗುತ್ತದೆ. ಇನ್ನೊಂದು ಸೂಚನೆಯೂ ಇದೆ: ಕರೆಗಳ ಸಂಖ್ಯೆ ಕಡಿಮೆಯಾಗಿ ಬುಕಿಂಗ್ ಅಷ್ಟೇ ಉಳಿದಿದ್ದರೆ, ಜನರು ಕೇಳಬೇಕಾದ್ದನ್ನು ಪುಟದಲ್ಲೇ ಓದಿ ಬಂದಿದ್ದಾರೆ.

ಡೊಮೇನ್ ಹೆಸರು ಯಾರ ಹೆಸರಿನಲ್ಲಿರಬೇಕು?

ಡೊಮೇನ್ ಎಂದರೆ ನಿಮ್ಮ ಸೈಟಿನ ವಿಳಾಸ; ಅದು ನಿಮ್ಮ ಹೆಸರಿನಲ್ಲಿ, ನಿಮ್ಮ ಇಮೇಲ್‌ಗೆ ಇರಲಿ, ನಿಮ್ಮ ಕಾರ್ಡಿನಿಂದ ಹಣ ಪಾವತಿಸಿ. ಸೈಟ್ ಮಾಡಿಕೊಟ್ಟವರು ತಮ್ಮ ಖಾತೆಯಲ್ಲಿ ಡೊಮೇನ್ ಕೊಂಡು, ಮುಂದೆ ಫೋನ್ ಎತ್ತದಿದ್ದರೆ, ವರ್ಷಗಟ್ಟಲೆ ಬರೆದ ಪುಟಗಳ ವಿಳಾಸವೇ ಕೈತಪ್ಪುತ್ತದೆ. ಬಿಸಿನೆಸ್ ಪ್ರೊಫೈಲ್ ಮತ್ತು ಸರ್ಚ್ ಕನ್ಸೋಲ್‌ನಲ್ಲೂ ಮಾಲೀಕರು ನೀವೇ ಆಗಿದ್ದು, ಕೆಲಸ ಮಾಡುವವರಿಗೆ ಬಳಕೆದಾರರ ಅಧಿಕಾರವನ್ನಷ್ಟೇ ಕೊಡಿ. ಡೊಮೇನ್ ನವೀಕರಣದ ದಿನಾಂಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ. ಕೊಯ್ಲಿನ ಗಡಿಬಿಡಿಯಲ್ಲಿ ಇಮೇಲ್ ನೋಡುವವರು ಯಾರೂ ಇರುವುದಿಲ್ಲ.